ಯಾವ ಫೋನಿಗೆ ಕನ್ನಡ ಬರುತ್ತದೆ?

ಈ ಸಲ ತೊಗರಿ ಮಾರಿದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಐದನೆಯ ತರಗತಿವರೆಗೆ ನನ್ನ ಕೈಯಲ್ಲೇ ಓದಿದ ಹುಡುಗ. ಈಗ ಹೈದರಾಬಾದಿನಲ್ಲಿ ಕೆಲಸ ಮಾಡುತ್ತಾನೆ. ಜೊತೆಗೆ ಅವನ ತಾಯಿಯೂ ಬಂದಿದ್ದರು. "ಸರ್, ಅವ್ವಗ ಒಂದು ಫೋನ್ ಕೊಡಸ್ಬೇಕು. ಐಫೋನ್ ಛಲೋನೋ, ಆಂಡ್ರಾಯ್ಡ್ ಛಲೋನೋ, ನೀವೇ ಹೇಳ್ರಿ" ಎಂದ.

ನಾನು ನಗುತ್ತಾ, "ತಮ್ಮಾ, ನಾನು ಟಿಸಿಎಚ್, ಬಿಎ ಮಾಡಿದವ. ಫೋನಿನ ವಿಷಯ ಅಂಗಡಿಯವರನ್ನ ಕೇಳು" ಎಂದೆ. ಅದಕ್ಕೆ ತಾಯಿ ಹೇಳಿದರು: "ಅಂಗಡ್ಯಾಗ ಕೇಳಿದೆವ್ರಿ ಸರ್. ಅವರು ತೆಲುಗು ಹಾಕಿ ಕೊಡ್ತೀವಿ ಅಂತಾರ. ನನಗ ತೆಲುಗು ಮಾತಾಡ್ಲಿಕ್ಕ ಬರ್ತದ, ಓದ್ಲಿಕ್ಕ ಬರಂಗಿಲ್ರಿ. ಕನ್ನಡ ಅಷ್ಟೇ ಓದ್ತೀನಿ."

ಆ ತಾಯಿಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಬೇರೆಯವರು ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು ಎಂದು ಕೇಳುತ್ತಾರೆ. ಗಡಿಯ ಈಚೆ ಇರುವ ನಾವು ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ. ಈ ಫೋನಿಗೆ ಕನ್ನಡ ಬರುತ್ತದೆಯೇ? ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಗೆ ಬದಲಾಗುತ್ತಾ ಬಂತು ಎಂಬುದೇ ಒಂದು ಚಿಕ್ಕ ಇತಿಹಾಸ. ಅದನ್ನು ನಮ್ಮ ಶಾಲೆಗಳ ಶಿಕ್ಷಕರಿಗೆ, ಪಾಲಕರಿಗೆ ತಿಳಿಸೋಣ ಎಂದು ಈ ಲೇಖನ.

ಮೊದಲು ನಮ್ಮ ಊರುಗಳ ಕಥೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಫೋನಿನ ಕಥೆಗೂ ಅದಕ್ಕೂ ಸಂಬಂಧವಿದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಮತ್ತು ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಅದೇ ವರ್ಷದ ನವೆಂಬರ್ 1ರಿಂದ ಅದು ಜಾರಿಗೆ ಬಂತು. 2014ರ ಜೂನ್ 2ರಿಂದ ನಾವು ತೆಲಂಗಾಣದವರು. ಗೆರೆ ಎಳೆದ ಮೇಲೂ ಮನೆಯ ಮಾತು ಕನ್ನಡವೇ ಉಳಿಯಿತು, ಕನ್ನಡ ಶಾಲೆಗಳೂ ಉಳಿದವು. ಆದರೆ ಬಸ್ಸಿನ ಫಲಕ, ಕಚೇರಿಯ ಅರ್ಜಿ, ಅಂಗಡಿಯ ಬೋರ್ಡು ಬೇರೆ ಲಿಪಿಗೆ ಹೋದವು. ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಕಾಣುವ ಜಾಗ ಎಂದರೆ ಶಾಲೆಯ ಪುಸ್ತಕ ಮತ್ತು ಕರಿಹಲಗೆ, ಅಷ್ಟೇ. ಈಗ ಫೋನು ದಿನಕ್ಕೆ ನೂರು ಸಲ ನೋಡುವ ವಸ್ತುವಾಗಿದೆ. ಅದರಲ್ಲಿ ಯಾವ ಅಕ್ಷರ ಕಾಣುತ್ತದೆ ಎಂಬುದು ಹಾಗಾಗಿ ಸಣ್ಣ ವಿಷಯವಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರ ಕೈಯಲ್ಲೂ ಗುಂಡಿ ಒತ್ತುವ ಫೋನು. 2003ರಲ್ಲಿ ಬಂದ ನೋಕಿಯಾ 1100 ಅನ್ನು ಯಾರು ಮರೆತಾರು! ತುದಿಯಲ್ಲಿ ಟಾರ್ಚು, ಧೂಳು ಒಳಗೆ ಹೋಗದ ಗುಂಡಿಗಳು, ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬ್ಯಾಟರಿ. ಪ್ರಪಂಚದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು ಅದು. ಆ ಕಾಲದಲ್ಲಿ ಫೋನು ಎಂದರೆ ಮಾತಾಡುವ ಯಂತ್ರ. ಮಾತಿಗೆ ಲಿಪಿ ಬೇಕಾಗಿಲ್ಲವಲ್ಲ! ಬೀದರಿನ ಬೀಗರ ಜೊತೆ ಕನ್ನಡದಲ್ಲಿ, ಮಂಡಲ ಕಚೇರಿಯವರ ಜೊತೆ ತೆಲುಗಿನಲ್ಲಿ, ಅಂಗಡಿಯ ಸಾಹೇಬರ ಜೊತೆ ಉರ್ದುವಿನಲ್ಲಿ ಮಾತಾಡಿ ಇಡುತ್ತಿದ್ದೆವು. ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾದದ್ದು ಸಂದೇಶ ಕಳಿಸಲು ಹೊರಟಾಗ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಅಕ್ಷರವಾದರೆ 160 ಹಿಡಿಸುತ್ತವೆ. ಕನ್ನಡದಂಥ ಲಿಪಿಯಾದರೆ 70 ಮಾತ್ರ. ಏಕೆಂದರೆ ಇಂಗ್ಲಿಷ್ ಅಕ್ಷರ ಒಂದಕ್ಕೆ 7 ಬಿಟ್ ಸಾಕು, ನಮ್ಮ ಅಕ್ಷರಕ್ಕೆ 16 ಬಿಟ್ ಬೇಕು. ಮೇಲಾಗಿ ಕನ್ನಡದಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವನ್ನೂ ಯಂತ್ರ ಬೇರೆ ಬೇರೆಯಾಗಿ ಎಣಿಸುತ್ತದೆ. "ಸ್ತ್ರೀ" ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಸ, ಹಲಂತ, ತ, ಹಲಂತ, ರ, ದೀರ್ಘದ ಗುರುತು ಎಂದು ಆರು. "ನಾಳೆ ಶಾಲೆಗೆ ರಜೆ" ಎಂದು ಬರೆದರೆ ನಡುವಿನ ಜಾಗವೂ ಸೇರಿ 15 ಆಗುತ್ತದೆ. ಎಣಿಸಿ ನೋಡಿ. ನಿಮ್ಮ ತರಗತಿಯಲ್ಲಿ ಮಕ್ಕಳಿಂದಲೂ ಎಣಿಸಿ, ಸಂಧಿ ಪಾಠಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಇಷ್ಟಾದರೂ ಕಳಿಸುವವರ ಫೋನಿನಲ್ಲೂ ಪಡೆಯುವವರ ಫೋನಿನಲ್ಲೂ ಕನ್ನಡ ಇದ್ದರೆ ಮಾತ್ರ ಅದು ಮುಟ್ಟುತ್ತಿತ್ತು. ಆದ್ದರಿಂದ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಮಾಡಿಕೊಂಡೆವು. ಆ ರೂಢಿ ಎಷ್ಟು ಕೆಟ್ಟದ್ದು ಎಂದು ನನಗೆ ಬಹಳ ತಡವಾಗಿ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಅದೇ ಹೊತ್ತಿಗೆ ಕಂಪ್ಯೂಟರಿನಲ್ಲಿ ಕನ್ನಡ ಬಂದಾಗಿತ್ತು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' 2000ರ ದಶಕದ ಆರಂಭದಲ್ಲಿ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಎಲ್ಲ ಕಡೆ ಬಳಕೆಗೆ ಬಂತು. ಬೀದರಿನ ಶಿಕ್ಷಕ ಮಿತ್ರರು ಪ್ರಶ್ನೆಪತ್ರಿಕೆ ನುಡಿಯಲ್ಲಿ ಟೈಪು ಮಾಡಿ ಕಳಿಸುತ್ತಿದ್ದರು. ಆದರೆ ಆ ಕಡತವನ್ನು ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಚಿಹ್ನೆಗಳ ಕಲಸುಮೇಲೋಗರ! ಕಾರಣ ಇಷ್ಟೇ. ಹಳೆಯ ಫಾಂಟುಗಳಲ್ಲಿ ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಮೇಲೆ ಮಾತ್ರ ಕನ್ನಡದ ಅಂಗಿ. ಆ ಫಾಂಟು ಇಲ್ಲದ ಕಡೆ ಅಂಗಿ ಕಳಚಿ ಬೀಳುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಪ್ರಪಂಚದ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸ್ವಂತ ಸಂಖ್ಯೆ ಕೊಡುವ ಪದ್ಧತಿ ಇದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಒಂದು ಸೋಜಿಗ ನೋಡಿ. ಯೂನಿಕೋಡಿನಲ್ಲಿ ತೆಲುಗಿಗೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ಆ ಸಾಲು ಮುಗಿದ ಕೂಡಲೇ ಪಕ್ಕದ 128 ಮನೆಗಳು ಕನ್ನಡದವು. ಜಹೀರಾಬಾದಿನಂತೆ ಅಲ್ಲಿಯೂ ತೆಲುಗು ಕನ್ನಡ ನೆರೆಮನೆಯವರೇ! ಆದರೆ ಸಂಖ್ಯೆ ಸಿಕ್ಕರೆ ಸಾಲದು. ಆ ಸಂಖ್ಯೆಗೆ ಅಕ್ಷರದ ಆಕಾರ ತೋರಿಸುವ ಫಾಂಟು ಫೋನಿನಲ್ಲಿರಬೇಕು, ಒತ್ತಕ್ಷರವನ್ನು ಸರಿಯಾದ ಜಾಗದಲ್ಲಿ ಕೂಡಿಸುವ ತಂತ್ರವೂ ಇರಬೇಕು. ಮೊದಲನೆಯದು ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಕಾಣುತ್ತವೆ. ಎರಡನೆಯದು ಇಲ್ಲದಿದ್ದರೆ ಒತ್ತುಗಳು ಕಳಚಿ ಪಕ್ಕದಲ್ಲಿ ಬಿದ್ದಿರುತ್ತವೆ.

ಈಗ ಸ್ಮಾರ್ಟ್‌ಫೋನುಗಳ ಕಥೆಗೆ ಬರೋಣ. ಆಪಲ್ ಕಂಪನಿ ಐಫೋನನ್ನು 2007ರ ಜನವರಿಯಲ್ಲಿ ಪ್ರಕಟಿಸಿತು. ಭಾರತಕ್ಕೆ ಅದು 2008ರ ಆಗಸ್ಟಿನಲ್ಲಿ ಬಂತು, 8 ಜಿಬಿಯದಕ್ಕೆ 31,000 ರೂಪಾಯಿ. ಆಗ ನಮ್ಮ ಕಡೆ ಅದನ್ನು ನೋಡಿದವರೇ ಕಡಿಮೆ. ಗೂಗಲ್ಲಿನ ಆಂಡ್ರಾಯ್ಡ್ ಇರುವ ಮೊದಲ ಫೋನು ಅಮೆರಿಕದಲ್ಲಿ 2008ರಲ್ಲಿ ಬಂತು, ಭಾರತಕ್ಕೆ 2009ರಲ್ಲಿ. ಇವೆರಡರ ನಡುವೆ ಮುಖ್ಯ ವ್ಯತ್ಯಾಸ ಒಂದೇ. ಐಫೋನಿನ ಯಂತ್ರವೂ ತಂತ್ರಾಂಶವೂ ಒಂದೇ ಕಂಪನಿಯದು. ಆಂಡ್ರಾಯ್ಡ್ ಹಾಗಲ್ಲ, ಅದನ್ನು ಯಾವ ಕಂಪನಿಯಾದರೂ ತೆಗೆದುಕೊಂಡು ತನ್ನ ಫೋನಿಗೆ ಹಾಕಿಕೊಳ್ಳಬಹುದು. ಹಾಗಾಗಿ ಮೈಕ್ರೋಮ್ಯಾಕ್ಸ್, ಕಾರ್ಬನ್ ಮುಂತಾದ ನಮ್ಮ ದೇಶದ ಕಂಪನಿಗಳೂ ಕಡಿಮೆ ಬೆಲೆಯಲ್ಲಿ ಆಂಡ್ರಾಯ್ಡ್ ಫೋನು ಮಾರಲು ಸಾಧ್ಯವಾಯಿತು.

ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಇರಲಿಲ್ಲ. ಕೆಲವು ಕಂಪನಿಗಳು ತಾವೇ ಫಾಂಟು ಸೇರಿಸಿದ್ದವು, ಹಲವು ಸೇರಿಸಿರಲಿಲ್ಲ. ನಾನು ಕೊಂಡ ಮೊದಲ ಟಚ್ ಫೋನಿನಲ್ಲಿ ಕನ್ನಡ ಪತ್ರಿಕೆ ತೆರೆದರೆ ಪುಟದ ತುಂಬಾ ಡಬ್ಬಿಗಳು! ಆಗ ಒಪೆರಾ ಮಿನಿ ಎಂಬ ಬ್ರೌಸರಿನ ಒಂದು ಗುಟ್ಟು ಗೊತ್ತಾಯಿತು. ಅದರ ಒಳಗಿನ ಸೆಟ್ಟಿಂಗಿನಲ್ಲಿ ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂಬ ಆಯ್ಕೆ ಇತ್ತು. ಅದನ್ನು ಆನ್ ಮಾಡಿದರೆ ಎಲ್ಲೋ ದೂರದ ಸರ್ವರಿನಲ್ಲಿ ಕನ್ನಡ ಅಕ್ಷರಗಳು ಚಿತ್ರಗಳಾಗಿ ಬದಲಾಗಿ ನಮ್ಮ ಫೋನಿಗೆ ಬರುತ್ತಿದ್ದವು. ಫೋನಿಗೆ ಕನ್ನಡ ಬಾರದಿದ್ದರೂ ನಮಗೆ ಓದಲು ಸಿಗುತ್ತಿತ್ತು. ಹಣ ಸ್ವಲ್ಪ ಹೆಚ್ಚು ಖರ್ಚಾಗುತ್ತಿತ್ತು. ಆದರೂ ಮೊದಲ ಸಲ ಕೈಯಲ್ಲಿ ಕನ್ನಡ ಪತ್ರಿಕೆಯ ಸಾಲು ಮೂಡಿದಾಗ ಆದ ಸಂತೋಷ ಇಂದಿಗೂ ನೆನಪಿದೆ. ಜಹೀರಾಬಾದ್ ಬಸ್ ನಿಲ್ದಾಣದಲ್ಲಿ ನಿಂತು ಬೀದರಿನ ಸುದ್ದಿ ಓದಿದ್ದೆ!

ಮುಂದಿನ ಇಸವಿಗಳನ್ನು ಮಕ್ಕಳಿಗೆ ಪಟ್ಟಿ ಮಾಡಿ ಕೊಡುವಂತೆ ಕೊಡುತ್ತೇನೆ.

2012 : ಆಂಡ್ರಾಯ್ಡ್ 4.1 ಬಂತು. ಕನ್ನಡ, ತೆಲುಗು, ಮಲಯಾಳಂ ಮೂರಕ್ಕೂ ಒಟ್ಟಿಗೆ ಬೆಂಬಲ ಸಿಕ್ಕಿತು. ಡಬ್ಬಿಗಳ ಕಾಲ ಮುಗಿಯುತ್ತಾ ಬಂತು.
2014 : ಆಂಡ್ರಾಯ್ಡ್ 5.0 ಬಂತು. ಫೋನಿನ ಮೆನು ಪೂರ್ತಿ ಕನ್ನಡದಲ್ಲಿ ಇಟ್ಟುಕೊಳ್ಳಬಹುದಾಯಿತು. ಆಗಲೂ ತೆಲುಗು, ಕನ್ನಡ ಜೊತೆಯಲ್ಲೇ ಬಂದವು.
2014 : ಐಫೋನಿನ ಐಒಎಸ್ 8ರಲ್ಲಿ ಹೊರಗಿನವರು ಮಾಡಿದ ಕೀಬೋರ್ಡುಗಳಿಗೆ ಅವಕಾಶ ಸಿಕ್ಕಿತು.
2015 : ಐಒಎಸ್ 9ರಲ್ಲಿ ಆಪಲ್ಲಿನದೇ ತೆಲುಗು ಕೀಬೋರ್ಡು ಬಂತು. ಕನ್ನಡ ಇರಲಿಲ್ಲ.
2017 : ಐಒಎಸ್ 11ರಲ್ಲಿ ಕನ್ನಡ ಕೀಬೋರ್ಡು ಬಂತು.
2025 : ಮಾರ್ಚ್ ಕೊನೆಗೆ ಬಂದ ಐಒಎಸ್ 18.4ರಲ್ಲಿ ಐಫೋನಿನ ಮೆನುವೇ ಕನ್ನಡದಲ್ಲಿ ಬಂತು. ತೆಲುಗು, ತಮಿಳು, ಮರಾಠಿ, ಉರ್ದು ಸಹಿತ ಒಟ್ಟು ಹತ್ತು ಭಾಷೆಗಳು ಆಗ ಸೇರಿದವು.

ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಮೆನು ಕನ್ನಡದಲ್ಲಿ ಸಿಗಲು ಆಂಡ್ರಾಯ್ಡಿಗೂ ಐಫೋನಿಗೂ ನಡುವೆ ಹತ್ತು ವರ್ಷಕ್ಕೂ ಹೆಚ್ಚಿನ ಅಂತರ. ಒಂದನೆಯ ತರಗತಿಗೆ ಸೇರಿದ ಮಗು ಇಂಟರ್ ಓದುವ ಹೊತ್ತು ಅದು. ಇದರಲ್ಲಿ ಕನ್ನಡದ ಮೇಲೆ ದ್ವೇಷವೇನೂ ಇಲ್ಲ. ದುಬಾರಿ ಫೋನು ಕೊಳ್ಳುವವರಿಗೆ ಇಂಗ್ಲಿಷ್ ಬರುತ್ತದೆ ಎಂಬ ಲೆಕ್ಕ ಒಂದು ಕಡೆ. ಹಳ್ಳಿಯವರಿಗೂ ಮಾರಬೇಕಾದರೆ ಅವರ ಭಾಷೆ ಬೇಕು ಎಂಬ ಲೆಕ್ಕ ಇನ್ನೊಂದು ಕಡೆ. ಎರಡೂ ವ್ಯಾಪಾರದ ಲೆಕ್ಕಗಳೇ ಎಂದು ನನ್ನ ಅನಿಸಿಕೆ. ಆದರೆ ಎರಡನೆಯ ಲೆಕ್ಕದಿಂದ ನಮಗೆ ಉಪಕಾರವಾಯಿತು.

ನಮ್ಮ ಲಿಪಿಗಳನ್ನು ಪರೀಕ್ಷಿಸಿ ನೋಡುವುದರಲ್ಲಿ ದೊಡ್ಡ ಕಂಪನಿಗಳೂ ಎಡವುತ್ತವೆ. 2018ರ ಫೆಬ್ರವರಿಯಲ್ಲಿ ಒಂದು ಸಂಗತಿ ನಡೆಯಿತು. ತೆಲುಗಿನ "ಜ್ಞಾ" ಎಂಬ ಒಂದು ಅಕ್ಷರವನ್ನು ಒಂದು ವಿಶೇಷ ರೀತಿಯಲ್ಲಿ ಟೈಪು ಮಾಡಿ ಕಳಿಸಿದರೆ ಐಫೋನಿನಲ್ಲಿ ಅದನ್ನು ತೋರಿಸುವ ಆ್ಯಪ್ ಕುಸಿದುಬೀಳುತ್ತಿತ್ತು. ಪ್ರಪಂಚವೆಲ್ಲ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಐಒಎಸ್ 11.2.6 ಬಿಟ್ಟು ಸರಿಪಡಿಸಿದರು. "ಜ್ಞಾನ" ಎಂಬ ಮಾತಿನ ಮೊದಲ ಅಕ್ಷರಕ್ಕೇ ಸಾವಿರಾರು ರೂಪಾಯಿಯ ಫೋನು ತತ್ತರಿಸಿತು ಎಂದು ನಾವು ಶಿಕ್ಷಕರ ಕೋಣೆಯಲ್ಲಿ ನಕ್ಕಿದ್ದೆವು.

ಬರೆಯುವ ವಿಷಯಕ್ಕೆ ಬಂದರೆ ಆಂಡ್ರಾಯ್ಡಿನಲ್ಲಿ ಹೊರಗಿನ ಕೀಬೋರ್ಡಿಗೆ ಬಹಳ ಹಿಂದೆಯೇ ಬಾಗಿಲು ತೆರೆದಿತ್ತು. ಹಾಗಾಗಿ 'ಜಸ್ಟ್ ಕನ್ನಡ'ದಂಥ ಕೀಬೋರ್ಡುಗಳು ಬಂದವು. ಐಐಟಿ ಬಾಂಬೆಯವರು 2013ರಲ್ಲಿ 'ಸ್ವರಚಕ್ರ' ಮಾಡಿದರು. ಅದರಲ್ಲಿ ಒಂದು ವ್ಯಂಜನ ಮುಟ್ಟಿದರೆ ಸುತ್ತಲೂ ಚಕ್ರದಂತೆ ಅದರ ಕಾಗುಣಿತ ತೆರೆದುಕೊಳ್ಳುತ್ತದೆ. "ಕ" ಮುಟ್ಟಿದರೆ ಕಾ, ಕಿ, ಕೀ, ಕು... ಒಂದನೆಯ ತರಗತಿಯ ಗೋಡೆಯ ಮೇಲಿನ ಕಾಗುಣಿತದ ಪಟವೇ ಕೈಗೆ ಬಂದ ಹಾಗೆ! ಮುಂದೆ ಗೂಗಲ್ಲಿನ ಕೀಬೋರ್ಡಿನಲ್ಲಿಯೂ ಕನ್ನಡ ಬಂತು. 2017ರ ಆಗಸ್ಟಿನಲ್ಲಿ ಗೂಗಲ್ ತನ್ನ ಧ್ವನಿ ಬರವಣಿಗೆಗೆ ಸೇರಿಸಿದ ಭಾಷೆಗಳಲ್ಲಿ ಕನ್ನಡವೂ ಇತ್ತು. ಬರೆಯಲು ಬಾರದವರು ಮಾತಾಡಿದರೆ ಸಾಕು, ಅಕ್ಷರ ಮೂಡುತ್ತದೆ. ನಮ್ಮ ಉರ್ದು ಬೆರೆತ ಕನ್ನಡ ಕೇಳಿ ಅದು ಒಮ್ಮೊಮ್ಮೆ ತಬ್ಬಿಬ್ಬಾಗುತ್ತದೆ, ಅದು ಬೇರೆ ಮಾತು.

ಈ ನಡುವೆ ಸರ್ಕಾರವೂ ಒಂದು ಕೆಲಸ ಮಾಡಿತು. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಆದೇಶದಂತೆ ಭಾರತದಲ್ಲಿ ಮಾರುವ ಫೋನುಗಳು ಭಾರತೀಯ ಮಾನಕ ಬ್ಯೂರೋದ ಒಂದು ಮಾನಕಕ್ಕೆ ಹೊಂದಬೇಕು. ಅದರಲ್ಲಿ ಎರಡು ಮಾತುಗಳಿವೆ. ಒಂದು, ಬರೆಯಲು ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆ ಇರಬೇಕು. ಎರಡು, ಓದಲು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳೂ ಕಾಣಬೇಕು. ಮೊದಲು ನಿಗದಿಯಾದ ದಿನ 2017ರ ಜುಲೈ 1. ಈ ಎರಡು ಮಾತುಗಳಲ್ಲಿ ನಮಗೆ ಯಾವುದು ಮುಖ್ಯ ಎಂದು ಯೋಚಿಸಿ. "ಇನ್ನೊಂದು ಭಾಷೆ" ಎಂದಾಗ ತೆಲಂಗಾಣದಲ್ಲಿ ಮಾರುವ ಫೋನಿಗೆ ಅದು ತೆಲುಗು ಆದರೂ ನಿಯಮ ಪಾಲನೆಯಾದಂತೆಯೇ. ಆದರೆ 22 ಭಾಷೆಗಳೂ ಓದಲು ಬರಬೇಕು ಎಂಬ ಎರಡನೆಯ ಮಾತಿನಲ್ಲಿ ರಾಜ್ಯದ ಪ್ರಶ್ನೆಯೇ ಇಲ್ಲ. ನಾರಾಯಣಖೇಡದಲ್ಲಿ ಕೊಂಡ ಫೋನಿಗೂ ಕನ್ನಡ ಓದಲು ಬರಲೇಬೇಕು, ಬೆಂಗಳೂರಿನಲ್ಲಿ ಕೊಂಡದ್ದಕ್ಕೂ ಬರಬೇಕು. ನಮ್ಮಂತೆ ಬೇರೆ ರಾಜ್ಯದಲ್ಲಿ ಇರುವ ಭಾಷಾ ಅಲ್ಪಸಂಖ್ಯಾತರಿಗೆ ಈ ಒಂದು ಸಾಲು ಬಹಳ ದೊಡ್ಡದು.

2016ರ ಸೆಪ್ಟೆಂಬರಿನಲ್ಲಿ ಜಿಯೋ 4ಜಿ ಬಂದು ಇಂಟರ್ನೆಟ್ ಅಗ್ಗವಾಯಿತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಜಿಯೋಫೋನ್ ಪ್ರಕಟವಾಯಿತು. ಗುಂಡಿ ಇರುವ ಫೋನಾದರೂ ಅದರಲ್ಲಿ ಭಾರತೀಯ ಭಾಷೆಗಳಿದ್ದವು, ಮರುವರ್ಷ ವಾಟ್ಸಾಪ್ ಕೂಡ ಬಂತು. ಕೂಲಿಗೆ ಹೋಗುವ ಪಾಲಕರೂ ಶಾಲೆಯ ವಾಟ್ಸಾಪ್ ಗುಂಪಿಗೆ ಸೇರುವಂತಾಯಿತು.

ಆಮೇಲೆ ಕರೋನಾ ಬಂತು. 2020ರ ಸೆಪ್ಟೆಂಬರ್ 1ರಿಂದ ತೆಲಂಗಾಣದಲ್ಲಿ ದೂರದರ್ಶನ ಯಾದಗಿರಿ ಮತ್ತು ಟಿ-ಸ್ಯಾಟ್ ಮೂಲಕ ಪಾಠಗಳು ಶುರುವಾದವು. ನಮ್ಮ ಮಕ್ಕಳಿಗೆ ಅವರ ಪುಸ್ತಕದ ಪಾಠವನ್ನು ಅವರ ಭಾಷೆಯಲ್ಲಿ ಮುಟ್ಟಿಸಲು ನಾವು ವಾಟ್ಸಾಪ್ ಗುಂಪು ಮಾಡಿದೆವು. ಪುಸ್ತಕದ ಪುಟದ ಫೋಟೋ, ಓದಿ ಹೇಳಿದ ಧ್ವನಿ, ಮನೆಗೆಲಸ ಎಲ್ಲ ಅದರಲ್ಲೇ.

ನನ್ನ ತಪ್ಪು ನನಗೆ ಗೊತ್ತಾದದ್ದು ಆಗಲೇ. ಪಾಠವೆಲ್ಲ ಕನ್ನಡದಲ್ಲಿ, ಆದರೆ ಪಾಲಕರಿಗೆ ಹಾಕುವ ಸೂಚನೆಗಳನ್ನು ನಾನು ಹಳೆಯ ರೂಢಿಯಂತೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದೆ. ಬೇಗ ಆಗುತ್ತದೆ ಎಂಬ ಸೋಮಾರಿತನ, ಅಷ್ಟೇ. 2021ರಲ್ಲಿ ಶಾಲೆ ಮತ್ತೆ ತೆರೆದಾಗ "ನಾಳೆಯಿಂದ ಮಕ್ಕಳನ್ನು ಕಳಿಸಿ" ಎಂದು ಹಾಕಿದೆ. ಮರುದಿನ ಬಂದ ಮಕ್ಕಳು ಕೆಲವೇ ಕೆಲವರು. ಮನೆಗಳಿಗೆ ಹೋಗಿ ವಿಚಾರಿಸಿದೆ. ಕೆಲವರು "ಸರ್, ನಮಗ ಇಂಗ್ಲಿಷ್ ಬರಂಗಿಲ್ಲ, ಓದೇ ಇಲ್ರಿ" ಎಂದರು. ಒಬ್ಬ ತಂದೆ "ನೀವೇ ಮನ್ಯಾಗ ಕಲಿಸಿ ಅಂತ ಹಾಕೀರಲ್ರಿ!" ಎಂದು ಫೋನು ತೋರಿಸಿದರು. ಕಳಿಸಿ, ಕಲಿಸಿ.... ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ! ಲ ಮತ್ತು ಳ ವ್ಯತ್ಯಾಸವನ್ನು ಇಷ್ಟು ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ತಿದ್ದಿಸಿದ ನಾನೇ ಆ ವ್ಯತ್ಯಾಸ ಅಳಿಸಿ ಕಳಿಸಿದ್ದೆ. ಅವರ ಫೋನುಗಳಿಗೆ ಕನ್ನಡ ಬರುತ್ತಿತ್ತು, ನನ್ನ ಫೋನಿಗೂ ಬರುತ್ತಿತ್ತು. ಬರೆಯದೇ ಇದ್ದವನು ನಾನು. ಅಂದಿನಿಂದ ಗುಂಪಿಗೆ ಹಾಕುವ ಒಂದು ಸಾಲನ್ನೂ ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಲ್ಲ.

ಇಲ್ಲಿ ಇನ್ನೊಂದು ಪಾಠವನ್ನೂ ಹೇಳಬೇಕು. ಫೋನಿನ ಯಂತ್ರ ಚೆನ್ನಾಗಿದ್ದರೆ ಸಾಲದು, ಅದರ ಒಳಗಿನ ತಂತ್ರಾಂಶವನ್ನು ಪೋಷಿಸುವವರು ಇರಬೇಕು. ಒಂದು ಕಾಲಕ್ಕೆ ನೋಕಿಯಾ ಲೂಮಿಯಾ ಎಂದು ವಿಂಡೋಸ್ ಫೋನುಗಳು ಬಂದಿದ್ದವು. ನೋಡಲು ಸುಂದರ, ಗಟ್ಟಿ. ಆದರೆ 2019ರ ಡಿಸೆಂಬರ್ 31ರ ನಂತರ ವಾಟ್ಸಾಪ್ ಅವುಗಳಲ್ಲಿ ನಿಂತುಹೋಯಿತು. ಬ್ಲ್ಯಾಕ್‌ಬೆರಿಯ ಸ್ವಂತ ತಂತ್ರಾಂಶದ ಹಳೆಯ ಫೋನುಗಳ ಸೇವೆ 2022ರ ಜನವರಿ 4ಕ್ಕೆ ಮುಗಿಯಿತು. ಎತ್ತು ಗಟ್ಟಿ ಇದ್ದರೂ ಮೇವು ಹಾಕುವವರು ಇಲ್ಲದಿದ್ದರೆ ಏನು ಪ್ರಯೋಜನ? ಈಗ ಉಳಿದಿರುವ ದೊಡ್ಡ ದಾರಿಗಳು ಎರಡೇ, ಆಂಡ್ರಾಯ್ಡ್ ಮತ್ತು ಐಫೋನು.

ಹಾಗಾದರೆ ಯಾವುದು ಕೊಳ್ಳಬೇಕು? ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

1) ಇಂದು ಎರಡಕ್ಕೂ ಕನ್ನಡ ಓದಲು, ಬರೆಯಲು ಬರುತ್ತದೆ. ಆದ್ದರಿಂದ ಕನ್ನಡದ ಕಾರಣಕ್ಕೆ ದುಬಾರಿ ಫೋನು ಕೊಳ್ಳಬೇಕಾಗಿಲ್ಲ. ಸಾಲ ಮಾಡಿ ಐಫೋನ್ ಕೊಳ್ಳುವ ಅಗತ್ಯ ನಮ್ಮ ಪಾಲಕರಿಗೆ ಇಲ್ಲ.

2) ಅಂಗಡಿಯಲ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ಪಟ್ಟಿಯಲ್ಲಿ "ಕನ್ನಡ" ಇದೆಯೇ ನೋಡಿ, ಆರಿಸಿ ತೋರಿಸಲು ಹೇಳಿ. ಅಂಗಡಿಯವರು ತೆಲುಗು ಅಥವಾ ಇಂಗ್ಲಿಷಿನಲ್ಲಿ ಇಟ್ಟು ಕೊಡುವುದು ಕೆಟ್ಟ ಉದ್ದೇಶದಿಂದ ಅಲ್ಲ, ಅವರಿಗೆ ಅಭ್ಯಾಸ. ಕೇಳುವುದು ನಮ್ಮ ಕೆಲಸ.

3) "ಸ್ತ್ರೀ", "ಕ್ಷೇತ್ರ", "ಸೂರ್ಯ", "ಶಾಸ್ತ್ರಜ್ಞ" ಎಂದು ಟೈಪು ಮಾಡಿ ನೋಡಿ. ಒತ್ತು, ಅರ್ಕಾವೊತ್ತು ಸರಿಯಾದ ಜಾಗದಲ್ಲಿ ಕೂತರೆ ಫೋನು ಪಾಸು!

4) ಎಷ್ಟು ವರ್ಷ ಅಪ್ಡೇಟ್ ಕೊಡುತ್ತಾರೆ ಎಂದು ಕೇಳಿ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಎಂದು ಮಾತು ಕೊಟ್ಟವು. ಕಡಿಮೆ ಬೆಲೆಯ ಫೋನುಗಳಿಗೆ ಸಾಮಾನ್ಯವಾಗಿ ಇಷ್ಟು ಸಿಗುವುದಿಲ್ಲ. ಒಂದೇ ಬೆಲೆಯ ಎರಡು ಫೋನು ಇದ್ದರೆ ಹೆಚ್ಚು ವರ್ಷ ಅಪ್ಡೇಟ್ ಸಿಗುವುದನ್ನೇ ಆರಿಸಿ.

5) ಹಳೆಯ ಐಫೋನು ಅಗ್ಗಕ್ಕೆ ಸಿಗುತ್ತದೆ ಎಂದು ಮರುಳಾಗಬೇಡಿ. ಐಫೋನ್ 5ಎಸ್, 6, 6 ಪ್ಲಸ್‌ಗಳಲ್ಲಿ 2025ರ ಮೇ ತಿಂಗಳಿಂದ ವಾಟ್ಸಾಪ್ ನಡೆಯುವುದಿಲ್ಲ. ಮೆನು ಕನ್ನಡದಲ್ಲಿ ಬೇಕಾದರೆ ಐಒಎಸ್ 18.4 ಬೇಕು. ಅದು 2018ರಲ್ಲಿ ಬಂದ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಅವುಗಳ ನಂತರದವುಗಳಿಗೆ ಮಾತ್ರ. ಐಫೋನ್ 8, ಎಕ್ಸ್‌ಗಳಿಗೆ ಇಲ್ಲ.

6) ಊರಿನ ಹತ್ತಿರ ರಿಪೇರಿ ಆಗುತ್ತದೆಯೇ, ಬ್ಯಾಟರಿ, ಡಿಸ್‌ಪ್ಲೇ ಸಿಗುತ್ತದೆಯೇ ವಿಚಾರಿಸಿ.

7) ಶಿಕ್ಷಕರಿಗೆ ಒಂದು ಮಾತು. ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕಡತವನ್ನು ಹಾಗೇ ಕಳಿಸಬೇಡಿ. ಯೂನಿಕೋಡಿಗೆ ಪರಿವರ್ತಿಸಿ ಅಥವಾ ಪಿಡಿಎಫ್ ಮಾಡಿ ಕಳಿಸಿ.

ಹುಡುಗ ತಾಯಿಗೆ ಸಾಧಾರಣ ಬೆಲೆಯ ಒಂದು ಆಂಡ್ರಾಯ್ಡ್ ಫೋನು ಕೊಡಿಸಿದ. ಕೊಂಡ ಮೇಲೆ ಇಬ್ಬರೂ ಮತ್ತೆ ನಮ್ಮ ಮನೆಗೆ ಬಂದರು. ನಾನು ಭಾಷೆ ಕನ್ನಡಕ್ಕೆ ಬದಲಾಯಿಸಿ ಕೊಟ್ಟೆ. ಮೆನುವಿನ ಕನ್ನಡ ಸ್ವಲ್ಪ ಪುಸ್ತಕದ ಕನ್ನಡ. "ಇದು ನಮ್ಮ ಕನ್ನಡ ಅಲ್ಲ ಬಿಡ್ರಿ, ಬೆಂಗಳೂರಿಂದು" ಎಂದು ತಾಯಿ ನಕ್ಕರು. ಆಮೇಲೆ ಹಳೆಯ ಫೋನಿನ ನಂಬರುಗಳನ್ನು ಹೊಸದಕ್ಕೆ ಹಾಕುವ ಕೆಲಸ. ಎಲ್ಲ ಹೆಸರುಗಳೂ ಇಂಗ್ಲಿಷಿನಲ್ಲಿ ಇದ್ದವು. ಇಷ್ಟು ವರ್ಷ ಅವರು ತಮ್ಮ ಅಣ್ಣನಿಗೆ ಫೋನು ಮಾಡಬೇಕಾದರೆ ಪಕ್ಕದ ಮನೆಯ ಹುಡುಗರನ್ನು ಕರೆದು "ಅಣ್ಣನ ನಂಬರ್ ಹಚ್ಚಿಕೊಡೋ" ಎನ್ನುತ್ತಿದ್ದರಂತೆ. ನಾವು ಕೂತು ಒಂದೊಂದಾಗಿ ಕನ್ನಡದಲ್ಲಿ ಬರೆದೆವು. ಅಣ್ಣ. ತಂಗಿ ಬೀದರ. ಡಾಕ್ಟರ್. ಕಿರಾಣಿ ಅಂಗಡಿ. ಶಾಲೆ.

ತಾಯಿ ಫೋನು ಕೈಯಲ್ಲಿ ಹಿಡಿದು, ಒಂದನೆಯ ತರಗತಿಯ ಮಗುವಿನಂತೆ ಬೆರಳಿಟ್ಟು, "ಅ... ಣ್ಣ" ಎಂದು ಓದಿದರು. ತಾವೇ ಒತ್ತಿದರು. ಆ ಕಡೆಯಿಂದ ಅಣ್ಣ ಎತ್ತಿದ. "ಯಾರು ಹಚ್ಚಿಕೊಟ್ರು?" ಎಂದು ಕೇಳಿದನಂತೆ. "ಯಾರೂ ಇಲ್ಲ, ನಾನೇ ಹಚ್ಚೀನಿ" ಎಂದರು.

ಅವರು ನಮ್ಮಂಥ ಒಂದು ಕನ್ನಡ ಶಾಲೆಯಲ್ಲಿ ಐದನೆಯ ತರಗತಿವರೆಗೆ ಓದಿದವರು. ಆ ಓದು ಇಷ್ಟು ವರ್ಷದ ನಂತರ ಅಂದು ಅವರ ಕೈಗೆ ಬಂತು. ಗಡಿಯ ಈಚೆ ಕನ್ನಡ ಶಾಲೆಗೆ ಮಕ್ಕಳನ್ನು ಏಕೆ ಕಳಿಸಬೇಕು, ಅದರಿಂದ ಏನು ಉಪಯೋಗ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಈ ಕಥೆ ಹೇಳುತ್ತೇನೆ.

ನೀವೂ ಇಂದು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರ ಫೋನು ತೆಗೆದುಕೊಂಡು, ಅದರಲ್ಲಿನ ಹತ್ತು ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಡಿ. ಶಿಕ್ಷಕರು ಇದನ್ನೇ ಮಕ್ಕಳಿಗೆ ಮನೆಗೆಲಸವಾಗಿ ಕೊಡಬಹುದು. ಹೊಸ ಫೋನು ಆಮೇಲೆ ಕೊಂಡರಾಯಿತು.